ಸ್ಪೀಡು ಆಮೇಲೆ, ಮೊದಲು ಸ್ಕ್ರೂಡ್ರೈವರು

"ಅಂಕಲ್, ಇದರ ಸ್ಪೀಡ್ ಜಾಸ್ತಿ ಮಾಡೋಕೆ ಏನು ಹಾಕ್ಬೇಕು?"

ಬ್ಯಾಟರಿಯಲ್ಲಿ ಓಡುವ ಆರ್‌ಸಿ ಕಾರು ಕೊಂಡ ಪ್ರತಿಯೊಬ್ಬರೂ ಮೊದಲ ತಿಂಗಳು ಮುಗಿಯೋದ್ರೊಳಗೆ ಕೇಳುವ ಪ್ರಶ್ನೆ ಇದು. ಕೇಳುವವನು ಆರನೇ ಕ್ಲಾಸಿನ ಹುಡುಗ ಆಗಿರಬಹುದು, ಮಗನ ಹೆಸರಲ್ಲಿ ಕೊಂಡು ತಾನೇ ಓಡಿಸುವ ಅಪ್ಪನೂ ಆಗಿರಬಹುದು. (ಎರಡನೆಯವರೇ ಜಾಸ್ತಿ, ಸುಮ್ಮನೆ ಒಪ್ಪಿಕೊಂಡುಬಿಡಿ.) ನನ್ನ ಉತ್ತರ ಮಾತ್ರ ಯಾವಾಗಲೂ ಒಂದೇ. ಸದ್ಯಕ್ಕೆ ಏನೂ ಹಾಕಬೇಡಿ, ಮೊದಲು ಬಿಚ್ಚಿ ನೋಡಿ.

ಈ ಉತ್ತರ ಯಾರಿಗೂ ಹಿಡಿಸಲ್ಲ. ಯೂಟ್ಯೂಬಿನಲ್ಲಿ ಹೊಸ ಬ್ರಷ್‌ಲೆಸ್ ಮೋಟಾರ್ ಹಾಕಿದ ಕಾರು ರಾಕೆಟ್ ಥರ ಹೋಗೋದನ್ನು ನೋಡಿ ಬಂದವರಿಗೆ "ಗೇರು ಸರಿಯಾಗಿ ಕೂತಿದೆಯಾ, ಬೇರಿಂಗ್ ಇದೆಯಾ" ಅಂತ ಕೇಳಿದರೆ ಮುಖ ಬಾಡುತ್ತೆ. ಆದ್ರೂ ಹೇಳ್ತೀನಿ. ಈ ಹವ್ಯಾಸದಲ್ಲಿ ನಮ್ಮ ಜನ ದುಡ್ಡು ಸುರಿಯುವ ಕ್ರಮವೇ ತಲೆಕೆಳಗಾಗಿದೆ. ಮೊದಲು ಮೋಟಾರ್, ಆಮೇಲೆ ದೊಡ್ಡ ಬ್ಯಾಟರಿ, ಆಮೇಲೆ ಮಿರಿಮಿರಿ ಅಲ್ಯೂಮಿನಿಯಂ ಭಾಗಗಳು, ಕೊನೆಗೆ ಎಲ್ಲ ಮುರಿದ ಮೇಲೆ ಕಪಾಟಿನ ಮೇಲೆ ಕಾರು! ಚಾರ್ಜರ್, ಬೇರಿಂಗ್, ಸ್ಪೇರ್ ಗೇರು ಇವುಗಳ ಸರದಿ ಬರೋದೇ ಇಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಆಟಿಕೆ ಅಂಗಡಿಯಲ್ಲಿ ಸಿಗುವ ರಿಮೋಟ್ ಕಾರು ಬೇರೆ, ಹವ್ಯಾಸದ ಕಾರು ಬೇರೆ. ಆಟಿಕೆಯಲ್ಲಿ ಒಂದೇ ಸರ್ಕ್ಯೂಟ್ ಬೋರ್ಡು, ಅದರಲ್ಲೇ ಎಲ್ಲ. ಒಂದು ಹೋದರೆ ಎಲ್ಲ ಹೋಯ್ತು. ಸ್ಟಿಯರಿಂಗ್ ಅಂದ್ರೆ ಪೂರ್ತಿ ಎಡ, ಇಲ್ಲಾಂದ್ರೆ ಪೂರ್ತಿ ಬಲ. ಹವ್ಯಾಸದ ಕಾರಿನಲ್ಲಿ ರಿಸೀವರ್ ಬೇರೆ, ಸ್ಟಿಯರಿಂಗ್ ತಿರುಗಿಸುವ ಸರ್ವೋ ಬೇರೆ, ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕು ಅಂತ ನಿಭಾಯಿಸುವ ಇಎಸ್‌ಸಿ ಬೇರೆ, ಮೋಟಾರು ಬೇರೆ. ಒಂದೊಂದನ್ನೂ ಬಿಚ್ಚಬಹುದು, ಬದಲಿಸಬಹುದು, ಮುರಿದ ಹಲ್ಲಿನ ಗೇರೊಂದನ್ನೇ ತರಿಸಿ ಹಾಕಬಹುದು. ಮೂರು ನಾಲ್ಕು ಪಟ್ಟು ಹೆಚ್ಚು ದುಡ್ಡು ಕೊಡೋದು ಇದಕ್ಕೇ ಹೊರತು ಸ್ಪೀಡಿಗಲ್ಲ. ಬಿಚ್ಚದೇ ಇಟ್ಟುಕೊಳ್ಳೋದಾದ್ರೆ ಆಟಿಕೆ ಅಂಗಡಿಯದ್ದೇ ವಾಸಿ.

ಜಪಾನಿನ ತಮಿಯಾ ಕಂಪನಿಯ ಗ್ರಾಸ್‌ಹಾಪರ್ ಅನ್ನೋ ಬಗ್ಗಿ 1984ರಲ್ಲಿ ಬಂತು. ಪುಟ್ಟ 380 ಸೈಜಿನ ಮೋಟಾರು, ಸೀದಾ ಸಾದಾ ಪ್ಲಾಸ್ಟಿಕ್ ತೊಟ್ಟಿಯಂಥ ಚಾಸಿ. 2005ರಲ್ಲಿ ಅದನ್ನೇ ಮತ್ತೆ ಮಾರುಕಟ್ಟೆಗೆ ತಂದರು. ಅದೇ ತೊಟ್ಟಿಯ ಮೇಲೆ ದೊಡ್ಡ 540 ಮೋಟಾರು ಕೂರಿಸಿದ್ದು ಹಾರ್ನೆಟ್, ಅದೂ 1984ರದ್ದೇ. ಇಪ್ಪತ್ತು ವರ್ಷದ ಮೇಲೆ ಒಂದು ಕಾರನ್ನು ಮತ್ತೆ ಅಚ್ಚು ಹಾಕಿದರೆ ಕೊಳ್ಳುವವರಿದ್ದಾರೆ ಅಂದ್ರೆ, ಅದು ಅತ್ಯಂತ ಫಾಸ್ಟು ಅಂತ ಅಲ್ಲ. ಮನೆಯ ಟೇಬಲ್ಲಿನ ಮೇಲೆ ಬಿಚ್ಚಿ ಜೋಡಿಸಬಹುದು ಅಂತ. ಅದರ ಮ್ಯಾನ್ಯುಯಲ್ಲಿನಲ್ಲಿ ಒಂದೊಂದು ಸ್ಕ್ರೂ ಎಲ್ಲಿ ಹೋಗಬೇಕು ಅಂತ ಚಿತ್ರ ಬರೆದು ತೋರಿಸಿರ್ತಾರೆ, ಓದು ಬರದ ಮಗುವೂ ಜೋಡಿಸಬಹುದು. ನಾವು ಕೊಳ್ಳುವ ಮಿಕ್ಸರಿನ ಜೊತೆ ಬರುವ ಕಾಗದದಲ್ಲಿ ಇರೋದು ವಾರಂಟಿ ಯಾವಾಗ ಸಿಗಲ್ಲ ಅನ್ನೋ ಪಟ್ಟಿ ಮಾತ್ರ!

ಈಗ ಅಪ್‌ಗ್ರೇಡ್ ವಿಷಯಕ್ಕೆ ಬರೋಣ. ಕಾರು ಅನ್ನೋದು ಒಂದು ಸರಪಳಿ. ಬ್ಯಾಟರಿಯಿಂದ ಇಎಸ್‌ಸಿ, ಅಲ್ಲಿಂದ ಮೋಟಾರು, ಮೋಟಾರಿನ ತುದಿಯ ಪುಟ್ಟ ಪಿನಿಯನ್ ಗೇರು, ಅದು ಕಚ್ಚುವ ದೊಡ್ಡ ಸ್ಪರ್ ಗೇರು, ಡಿಫರೆನ್ಷಿಯಲ್, ಆಕ್ಸಲ್, ಚಕ್ರ. ಕಂಪನಿಯವರು ಈ ಕೊಂಡಿಗಳನ್ನೆಲ್ಲ ಒಂದಕ್ಕೊಂದು ಹೊಂದುವ ಹಾಗೆ ಮಾಡಿರ್ತಾರೆ. ನಾವು ಒಂದು ತುದಿಯಲ್ಲಿ ಎರಡು ಪಟ್ಟು ಶಕ್ತಿ ತುರುಕಿದರೆ ಆ ಶಕ್ತಿ ಹೋಗಿ ಅತ್ಯಂತ ದುರ್ಬಲ ಕೊಂಡಿಯನ್ನು ಹುಡುಕಿ ಮುರಿಯುತ್ತೆ. ಅದನ್ನು ಬದಲಿಸಿದರೆ ಮುಂದಿನದು. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬ ಹುಡುಗನ ಬಗ್ಗಿಗೆ ಹೀಗಾಯ್ತು. ಬ್ರಷ್‌ಲೆಸ್ ಹಾಕಿಸಿದ ವಾರಕ್ಕೆ ಸ್ಪರ್ ಗೇರು, ಅದು ಬಂದ ವಾರಕ್ಕೆ ಡಿಫರೆನ್ಷಿಯಲ್, ಅದರ ಭಾಗ ಹೊರದೇಶದಿಂದ ಬರೋ ಹೊತ್ತಿಗೆ ಹುಡುಗನಿಗೆ ಹತ್ತನೇ ಕ್ಲಾಸು ಶುರು. ಕಾರು ಈಗಲೂ ಕಪಾಟಿನ ಮೇಲಿದೆ. ಅವನಮ್ಮ ಅದರ ಮೇಲೆ ಬಟ್ಟೆ ಹೊದಿಸಿದ್ದಾರೆ, ಗಣಪತಿ ಪೆಟ್ಟಿಗೆಯ ಪಕ್ಕ.

ಹಾಗಾದ್ರೆ ಮೊದಲ ಖರ್ಚು ಯಾವುದು? ಬೇರಿಂಗು. ನನಗೆ ಇದರಲ್ಲಿ ಎರಡನೇ ಅಭಿಪ್ರಾಯವೇ ಇಲ್ಲ.

ಅಗ್ಗದ ಕಿಟ್ಟುಗಳಲ್ಲಿ, ತಮಿಯಾದ ಅನೇಕ ಆರಂಭದ ಕಿಟ್ಟುಗಳಲ್ಲೂ, ತಿರುಗುವ ದಂಡಗಳಿಗೆ ಬಾಲ್ ಬೇರಿಂಗ್ ಬದಲು ಪ್ಲಾಸ್ಟಿಕ್ಕಿನದ್ದೋ ಲೋಹದ್ದೋ ಬುಶ್ ಹಾಕಿರ್ತಾರೆ. ಅಂದ್ರೆ ಬರೀ ಒಂದು ಬಳೆ. ಅದರೊಳಗೆ ದಂಡ ಉಜ್ಜಿಕೊಂಡು ತಿರುಗುತ್ತೆ. ಧೂಳು ಸೇರಿದರೆ ಬಳೆ ಸವೆದು ಮೊಟ್ಟೆ ಆಕಾರವಾಗುತ್ತೆ. ಆಗ ದಂಡ ಅಲ್ಲಾಡುತ್ತೆ, ದಂಡದ ಮೇಲಿನ ಗೇರು ಅಲ್ಲಾಡುತ್ತೆ, ಹಲ್ಲು ಹೋಗುತ್ತೆ. ನಾವು ಬೈಯೋದು ಗೇರನ್ನು. ಬುಶ್ ತೆಗೆದು ಬಾಲ್ ಬೇರಿಂಗ್ ಹಾಕಿದರೆ ಅದೇ ಮೋಟಾರಿನಲ್ಲಿ, ಅದೇ ಬ್ಯಾಟರಿಯಲ್ಲಿ ಕಾರು ಚುರುಕಾಗುತ್ತೆ, ಹೆಚ್ಚು ಹೊತ್ತು ಓಡುತ್ತೆ, ಮೋಟಾರು ಕಡಿಮೆ ಬಿಸಿಯಾಗುತ್ತೆ. ಸ್ಪೀಡೂ ಬಂತು, ಆಯಸ್ಸೂ ಬಂತು. ಇಂಥ ಅಪ್‌ಗ್ರೇಡ್ ಇನ್ನೊಂದಿಲ್ಲ.

ಇನ್ನೊಂದು ಗುಟ್ಟು. ತಮಿಯಾ ಟಿಟಿ-02 ಥರದ ಕಾರುಗಳಲ್ಲಿ ಬರುವ '1150' ಅನ್ನೋ ಬೇರಿಂಗ್ ಅಂದ್ರೆ ದೇವಲೋಕದ ವಸ್ತುವೇನಲ್ಲ. ಹೊರ ವ್ಯಾಸ 11 ಮಿಲಿಮೀಟರ್, ತೂತು 5, ದಪ್ಪ 4. ಕೈಗಾರಿಕೆಯವರ ಭಾಷೆಯಲ್ಲಿ ಅದರ ಹೆಸರು ಎಂಆರ್115. ಮುಂಬಯಿಯಲ್ಲಿರುವವರು ಮಸ್ಜಿದ್ ಬಂದರಿನ ಹತ್ತಿರದ ನಾಗದೇವಿ ಸ್ಟ್ರೀಟಿಗೆ ಹೋಗಿ ಆರ್‌ಸಿ, ತಮಿಯಾ ಅಂತೆಲ್ಲ ಹೇಳಬೇಡಿ, ಮುಖ ಮುಖ ನೋಡ್ತಾರೆ. ಎಂಆರ್115 ಅನ್ನಿ. ಕೊನೆಯಲ್ಲಿ 'ಝಡ್ಝಡ್' ಅಂತಿದ್ದರೆ ತಗಡಿನ ಮುಚ್ಚಳ, '2ಆರ್‌ಎಸ್' ಅಂತಿದ್ದರೆ ರಬ್ಬರ್ ಸೀಲು. ನಮ್ಮ ಊರಿನ ಧೂಳಿಗೆ ರಬ್ಬರ್ ಸೀಲಿನದ್ದೇ ಸರಿ, ಚೂರು ಬಿಗಿ ಅನ್ನಿಸಿದರೂ ಪರವಾಗಿಲ್ಲ. ಪುಣೆ, ಚೆನ್ನೈ, ಹೈದರಾಬಾದಿನವರೂ ತಮ್ಮ ಊರಿನ ಬೇರಿಂಗ್ ಅಂಗಡಿಯಲ್ಲಿ ಈ ನಂಬರು ಹೇಳಿ ಕೇಳಿ ನೋಡಿ. ನಿಮ್ಮ ಕಾರಿಗೆ ಯಾವ ಸೈಜು ಎಷ್ಟು ಬೇಕು ಅಂತ ಮಾತ್ರ ಮ್ಯಾನ್ಯುಯಲ್ ನೋಡಿ ಎಣಿಸಿಕೊಂಡು ಹೋಗಿ.

ಎರಡನೆಯದಕ್ಕೆ ಖರ್ಚೇ ಇಲ್ಲ. ಪಿನಿಯನ್ ಮತ್ತು ಸ್ಪರ್ ಗೇರು ಒಂದಕ್ಕೊಂದು ಎಷ್ಟು ಹತ್ತಿರ ಕೂತಿವೆ ಅನ್ನೋದು. ಮೋಟಾರಿನ ಜಾಗ ಹಿಂದೆ ಮುಂದೆ ಸರಿಸಬಹುದಾದ ಕಾರಿನಲ್ಲಿ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಕತ್ತರಿಸಿ ಎರಡು ಗೇರುಗಳ ನಡುವೆ ಇಟ್ಟು, ಗೇರು ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿ ಮಾಡಿ. ಆಮೇಲೆ ಗೇರು ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಕಾಗದ ಹರಿಯದೆ ಬರೀ ಮಡಿಕೆ ಬಿದ್ದು ಬಂದರೆ ಸರಿ. ಬೆರಳಲ್ಲಿ ಸ್ಪರ್ ಗೇರು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಸಿಗಬೇಕು. ತೀರಾ ಬಿಗಿಯಾದರೆ ಕೀರಲು ದನಿ, ಮೋಟಾರು ಬಿಸಿ. ತೀರಾ ಸಡಿಲವಾದರೆ ಹಲ್ಲಿನ ತುದಿಯಲ್ಲಷ್ಟೇ ಭಾರ ಬಿದ್ದು ಕಟಕಟ. ಸ್ಪರ್ ಗೇರಿನ ಸುತ್ತ ನಾಲ್ಕು ಕಡೆ ಪರೀಕ್ಷೆ ಮಾಡಿ, ಪ್ಲಾಸ್ಟಿಕ್ ಗೇರು ಪೂರ್ತಿ ದುಂಡಗೆ ಇರೋದು ಅಪರೂಪ. (ಟಿಟಿ-02 ಥರದ ಕಾರಿನಲ್ಲಿ ಈ ತಲೆನೋವಿಲ್ಲ. ಎಷ್ಟು ಹಲ್ಲಿನ ಪಿನಿಯನ್ನಿಗೆ ಯಾವ ತೂತು ಅಂತ ಮೊದಲೇ ಕೊರೆದು ಕೊಟ್ಟಿದ್ದಾರೆ.)

ಪಿನಿಯನ್ ಬದಲಿಸುವವರಿಗೆ ಒಂದು ಎಚ್ಚರಿಕೆ. ಹಲ್ಲಿನ ಅಳತೆ ಹೊಂದಬೇಕು. ಒಂದರಲ್ಲಿ 0.6 ಮಾಡ್ಯೂಲ್, ಇನ್ನೊಂದರಲ್ಲಿ 48 ಪಿಚ್, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಜೋಡಿಸಿದರೆ ತಿರುಗುತ್ತವೆ ಕೂಡ. ಮದುವೆ ಮನೆಯಲ್ಲಿ ಎರಡೂ ಕಡೆಯವರು ನಗುನಗುತ್ತಾ ಇರ್ತಾರಲ್ಲ, ಹಾಗೆ. ಪ್ಲಾಸ್ಟಿಕ್ ಹಲ್ಲು ಪುಡಿಯಾಗಿ ಉದುರೋದಕ್ಕೆ ಜಾಸ್ತಿ ಹೊತ್ತು ಬೇಡ.

ಇನ್ನು ಲೆಕ್ಕ. ಹೆದರಬೇಡಿ, ಭಾಗಾಕಾರ ಅಷ್ಟೇ. ಟಿಟಿ-02ರ ಸ್ಪರ್ ಗೇರಿಗೆ 70 ಹಲ್ಲು, ಕಿಟ್ಟಿನ ಪಿನಿಯನ್ನಿಗೆ 22, ಒಳಗಿನ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದ್ರೆ ಚಕ್ರ ಒಂದು ಸುತ್ತು ತಿರುಗಲು ಮೋಟಾರು ಎಂಟೂ ಕಾಲು ಸುತ್ತು ತಿರುಗಬೇಕು. ಪಿನಿಯನ್ 25 ಹಲ್ಲಿನದ್ದು ಹಾಕಿದರೆ 7.28. ಟಾಪ್ ಸ್ಪೀಡು ಹೆಚ್ಚುಕಡಿಮೆ ಶೇಕಡಾ 13 ಏರಿತು. ಪುಕ್ಕಟೆಯಾಗಿ ಬಂತು ಅಂದ್ಕೊಂಡ್ರಾ? ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಕಡಿಮೆಯಾಯ್ತು, ಅದನ್ನು ತುಂಬಿಕೊಡಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತೆ. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು, ಹೈಸ್ಕೂಲಿನಲ್ಲಿ ಉರು ಹೊಡೆದದ್ದೇ. ಬಿಸಿ ಅತಿಯಾದರೆ ಮೋಟಾರಿನ ಆಯಸ್ಕಾಂತದ ಶಕ್ತಿ ಇಳಿಯುತ್ತೆ, ಇಳಿದದ್ದು ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರಲ್ಲ. ಹೆಚ್ಚು ಸ್ಪೀಡಿಗೆ ಅಂತ ಹಾಕಿದ ಪಿನಿಯನ್ನಿನಿಂದ ಕಾರು ತಿಂಗಳಲ್ಲಿ ನಿಧಾನವಾಗೋದು ಹೀಗೆ.

ಬ್ರಷ್‌ಲೆಸ್ ಮೋಟಾರಿನ ಮೇಲೆ ಕೆವಿ ಅಂತ ಒಂದು ಸಂಖ್ಯೆ ಇರುತ್ತೆ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಅರ್ಥ. 3300 ಕೆವಿ ಮೋಟಾರಿಗೆ 7.4 ವೋಲ್ಟಿನ ಬ್ಯಾಟರಿ ಕೊಟ್ಟರೆ ಭಾರವಿಲ್ಲದಾಗ 24,420 ಸುತ್ತು. ಅದೇ 8.27ರ ಗೇರಿನಲ್ಲಿ 64 ಮಿಲಿಮೀಟರ್ ಚಕ್ರಕ್ಕೆ ಲೆಕ್ಕ ಹಾಕಿದರೆ ಕಾಗದದ ಮೇಲೆ ಗಂಟೆಗೆ ಸುಮಾರು 35 ಕಿಲೋಮೀಟರು. ಕಿಟ್ಟಿನ 540 ಮೋಟಾರು ಸುಮಾರು 15 ಸಾವಿರ ಸುತ್ತಿನದ್ದು, 20-22 ಕಿಲೋಮೀಟರು. ಕೇಳೋಕೆ ವ್ಯತ್ಯಾಸ ಸಣ್ಣದು. ಆದ್ರೆ ಒಂದೂವರೆ ಕಿಲೋ ತೂಕದ ಕಾರು 35ರಲ್ಲಿ ಬಂದು ಮೊಣಕಾಲಿಗೆ ಬಡಿದರೆ, 160 ಗ್ರಾಂನ ಲೆದರ್ ಬಾಲು ಅದೇ ವೇಗದಲ್ಲಿ ಬಡಿದದ್ದಕ್ಕಿಂತ ಒಂಬತ್ತು ಪಟ್ಟು ಹೆಚ್ಚು ಶಕ್ತಿ. ಮುಂಬಯಿಯ ಬಿಲ್ಡಿಂಗುಗಳ ಪಾರ್ಕಿಂಗು ಎಷ್ಟು ಉದ್ದ ಇರುತ್ತೆ ಹೇಳಿ? ಪೂರ್ತಿ ಸ್ಪೀಡು ಹಿಡಿಯೋಕೆ ಮುಂಚೆ ಎದುರಿಗೆ ಯಾರದೋ ಸ್ಕೂಟರು, ಇಲ್ಲಾ ಸಂಜೆ ವಾಕಿಂಗಿನ ಅಜ್ಜಿ. ಸೊಸೈಟಿಯ ನೋಟೀಸ್ ಬೋರ್ಡಿನಲ್ಲಿ "ರಿಮೋಟ್ ಕಾರ್ ನಿಷೇಧ" ಅಂತ ಬರೋದು ಇಂಥ ಒಂದು ಮೊಣಕಾಲಿನಿಂದಲೇ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹೇಳಬೇಕಾದ್ದು ಬ್ಯಾಟರಿ ಬಗ್ಗೆ. ಇಲ್ಲಿ ತಮಾಷೆ ಮಾಡಲ್ಲ.

ಹಳೆಯ ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ 1.2 ವೋಲ್ಟಿನ ಆರು ಸೆಲ್ಲು, ಒಟ್ಟು 7.2 ವೋಲ್ಟು. ಒರಟು ಸ್ವಭಾವದ್ದು, ಸ್ವಲ್ಪ ಅಲಕ್ಷ್ಯ ಮಾಡಿದರೂ ಸಹಿಸಿಕೊಳ್ಳುತ್ತೆ. ಲಿಪೋ ಅನ್ನೋ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಸೆಲ್ಲಿಗೆ 3.7 ವೋಲ್ಟು, ಎರಡು ಸೆಲ್ಲಿಗೆ 7.4. ಹಗುರ, ಜೋರು, ಕೊನೆಯವರೆಗೂ ಒಂದೇ ಹುರುಪು. ಆದ್ರೆ ಸೆಲ್ಲಿನ ವೋಲ್ಟೇಜು 4.2ರ ಮೇಲೆ ಹೋಗಕೂಡದು, 3ರ ಕೆಳಗೆ ಇಳಿಯಕೂಡದು. ಎರಡು ಸೆಲ್ಲು ಸಮನಾಗಿ ತುಂಬಬೇಕು, ಅದಕ್ಕೇ ಅದರಲ್ಲಿ ಒಂದು ಸಣ್ಣ ಬಿಳಿ ಪ್ಲಗ್ಗು ಬೇರೆ ಇರೋದು. ಅದನ್ನು ಹಾಕದೆ ದಪ್ಪ ವೈರಿನಿಂದ ಮಾತ್ರ ಚಾರ್ಜ್ ಮಾಡಿದರೆ ಒಂದು ಸೆಲ್ಲು 4.0, ಇನ್ನೊಂದು 4.4 ಆಗಿಯೂ ಒಟ್ಟು 8.4 ಅಂತ ಚಾರ್ಜರ್ ಸಮಾಧಾನ ಪಟ್ಟುಕೊಳ್ಳಬಹುದು.

ಒಬ್ಬ ಅಂಗಡಿಯವರು ನನ್ನೆದುರೇ ಒಬ್ಬ ಗಿರಾಕಿಗೆ ಲಿಪೋ ಬ್ಯಾಟರಿ ಕೊಟ್ಟು "ಹಳೇ ಚಾರ್ಜರ್ ಸಾಕು, ಪಿನ್ನು ಮಾತ್ರ ಬದಲಿಸಿಕೊಳ್ಳಿ" ಅಂದರು. ನಾನು ಮಧ್ಯೆ ಬಾಯಿ ಹಾಕಿದೆ, ಅವರಿಗೆ ನನ್ನ ಮೇಲೆ ಈಗಲೂ ಕೋಪ ಇದೆ, ಇರಲಿ. ಯಾಕೆ ಆಗಲ್ಲ ಅಂದ್ರೆ, ನಿಕೆಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜು ಏರುತ್ತಾ ಹೋಗಿ ತುಸು ಕೆಳಗೆ ಜಾರುತ್ತೆ. ಆ ಇಳಿತ ಕಂಡಾಗ ನಿಲ್ಲಿಸೋದು ಒಳ್ಳೆಯ ನಿಕೆಲ್ ಚಾರ್ಜರಿನ ಬುದ್ಧಿ. (ಕಿಟ್ಟಿನ ಜೊತೆ ಬರುವ ಅಗ್ಗದ ಗೋಡೆ ಚಾರ್ಜರಿಗೆ ಅಷ್ಟೂ ಬುದ್ಧಿ ಇರಲ್ಲ, ತೆಗೆಯೋವರೆಗೆ ತಳ್ಳುತ್ತಲೇ ಇರುತ್ತೆ.) ಲಿಪೋದಲ್ಲಿ ಆ ಇಳಿತ ಬರೋದೇ ಇಲ್ಲ. ಚಾರ್ಜರು ಕಾಯುತ್ತಾ, ಕರೆಂಟು ತಳ್ಳುತ್ತಾ ಕೂತಿರುತ್ತೆ. ಬ್ಯಾಟರಿ ಉಬ್ಬುತ್ತೆ, ಆಮೇಲೆ ಬೆಂಕಿ. ಲಿಥಿಯಂ ಬೆಂಕಿ ದೀಪಾವಳಿ ಹೂಕುಂಡದ ಥರ ಚಿಮ್ಮುತ್ತೆ. ಒನ್ ರೂಮ್ ಕಿಚನ್ನಿನಲ್ಲಿ ಸೋಫಾ, ಪರದೆ, ಮಲಗಿದ ಮಗು, ದೇವರ ಕೋಣೆ ಎಲ್ಲ ಆರಡಿ ಅಂತರದಲ್ಲಿ ಇರ್ತವೆ, ಬಾಗಿಲಿಗೆ ಕಬ್ಬಿಣದ ಗ್ರಿಲ್ಲು ಬೇರೆ. ಊರಿನ ಮನೆಯಾಗಿದ್ರೆ ಅಂಗಳಕ್ಕೆ ಎಸೆಯಬಹುದಿತ್ತು, ಏಳನೇ ಮಹಡಿಯಿಂದ ಎಲ್ಲಿಗೆ ಎಸೀತೀರಾ?

ಅದಕ್ಕೇ ನನ್ನ ಹಟ. ಲಿಪೋ ಕೊಳ್ಳುವ ದಿನವೇ ಬ್ಯಾಲೆನ್ಸ್ ಚಾರ್ಜರ್ ಕೊಳ್ಳಿ, ಅದಕ್ಕೆ ದುಡ್ಡಿಲ್ಲದಿದ್ರೆ ನಿಕೆಲ್ ಬ್ಯಾಟರಿಯಲ್ಲೇ ಓಡಿಸಿ. ಅದರಲ್ಲಿ ಏನೂ ಅವಮಾನವಿಲ್ಲ. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್, ಅಂದ್ರೆ ಸುಮಾರು ಒಂದು ಗಂಟೆ. ಅದಕ್ಕಿಂತ ಆತುರ ಬೇಡ. ಚಾರ್ಜ್ ಆಗುವಾಗ ಬ್ಯಾಟರಿ ಕಣ್ಣೆದುರು ಇರಬೇಕು, ಹಾಸಿಗೆಯ ಮೇಲಲ್ಲ, ಟೈಲ್ಸಿನ ನೆಲದ ಮೇಲೆ. ರಾತ್ರಿ ಹಾಕಿ ಮಲಗೋದು, ಹಾಕಿ ತರಕಾರಿಗೆ ಹೋಗೋದು ಎರಡೂ ಕೂಡದು. ಓಡಿಸಿ ಬಂದ ಬಿಸಿಯಲ್ಲೇ ಚಾರ್ಜಿಗೆ ಹಾಕಬೇಡಿ, ಕೈಗೆ ತಣ್ಣಗಾಗಲಿ. ತಲೆದಿಂಬಿನ ಹಾಗೆ ಉಬ್ಬಿದ್ದನ್ನು "ಇನ್ನೊಂದೇ ಸಲ" ಅಂತ ಬಳಸಬೇಡಿ, ಚುಚ್ಚಲಂತೂ ಬೇಡ. ಕಸದ ಬುಟ್ಟಿಗೂ ಹಾಕೋ ಹಾಗಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮನೆ ಕಸದಿಂದ ಬೇರೆಯಾಗಿ ಕೊಡಬೇಕು.

ಇಎಸ್‌ಸಿ ಕೂಡ ನೋಡಿಕೊಳ್ಳಬೇಕು. ಲಿಪೋ ತೀರಾ ಖಾಲಿಯಾಗದಂತೆ ತಡೆಯುವ ಕಟ್‌ಆಫ್ ಅದರಲ್ಲಿರಬೇಕು, ಇದ್ದರೆ ಸಾಲದು, ಆನ್ ಆಗಿರಬೇಕು. ಹಾಬಿವಿಂಗ್‌ನ ಕ್ವಿಕ್‌ರನ್ 1060 ಅನ್ನೋ ಜನಪ್ರಿಯ ಇಎಸ್‌ಸಿಯಲ್ಲಿ ಇದಕ್ಕೊಂದು ಪುಟ್ಟ ಜಂಪರ್ ಇದೆ. ಅದನ್ನು ನಿಕೆಲ್ ಕಡೆ ಚುಚ್ಚಿ ಲಿಪೋ ಓಡಿಸಿದರೆ ರಕ್ಷಣೆ ಇದ್ದೂ ಇಲ್ಲದ ಹಾಗೆ. ಹಾಗೇ ಹಳೆಯ ಬಿಳಿ ತಮಿಯಾ ಕನೆಕ್ಟರು ಹೆಚ್ಚು ಕರೆಂಟಿಗೆ ಬಿಸಿಯಾಗಿ ಕರಗುತ್ತೆ. ದೊಡ್ಡ ಮೋಟಾರ್ ಹಾಕುವವರು ಎಕ್ಸ್‌ಟಿ60 ಥರದ್ದು ಬೆಸುಗೆ ಹಾಕಿಕೊಳ್ಳಲಿ. ಬೆಸೆಯುವಾಗ ಬ್ಯಾಟರಿಯ ಎರಡು ವೈರನ್ನು ಒಟ್ಟಿಗೆ ಬೆತ್ತಲೆ ಬಿಡಬೇಡಿ, ಒಂದೊಂದೇ ಮುಗಿಸಿ.

ನಮ್ಮಂಥವರಿಗೆ ಇನ್ನೊಂದು ಸಂಗತಿ. ಮೇ ತಿಂಗಳಲ್ಲಿ ಊರಿಗೆ ಹೋಗ್ತೀವಿ, ಒಂದು ತಿಂಗಳು ಮನೆ ಬೀಗ. ಲಿಪೋವನ್ನು ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿಯೋ ಇಟ್ಟು ಹೋದರೆ ಬರೋ ಹೊತ್ತಿಗೆ ಅದರ ಶಕ್ತಿ ಕುಗ್ಗಿರುತ್ತೆ, ಖಾಲಿ ಇಟ್ಟದ್ದು ಸತ್ತೇ ಇರಬಹುದು. ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಟ್ಟು ಹೋಗಿ. ಒಳ್ಳೆಯ ಚಾರ್ಜರುಗಳಲ್ಲಿ 'ಸ್ಟೋರೇಜ್' ಅಂತ ಇದಕ್ಕೇ ಒಂದು ಆಯ್ಕೆ ಇದೆ. ಮಂಗಳೂರಿಗೋ ಹುಬ್ಬಳ್ಳಿಗೋ ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ತುದಿಗಳಿಗೆ ಟೇಪು ಸುತ್ತಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕೋ ಹಾಗಿಲ್ಲ.

ಮಳೆಗಾಲದ್ದು ಬೇರೆಯೇ ಕಥೆ. ಡಬ್ಬದ ಮೇಲೆ 'ವಾಟರ್‌ಪ್ರೂಫ್' ಅಂತ ಬರೆದಿದ್ದರೆ ಅದು ಇಎಸ್‌ಸಿ, ಸರ್ವೋಗಳ ಮಾತು. ಬೇರಿಂಗಿಗೆ ಆ ಆಶೀರ್ವಾದ ಇಲ್ಲ. ಜೂನ್ ತಿಂಗಳ ಕೊಚ್ಚೆಯಲ್ಲಿ ಓಡಿಸಿ ಹಾಗೇ ಇಟ್ಟರೆ ಒಂದು ವಾರದಲ್ಲಿ ತುಕ್ಕು. ಜುಹೂ ಬೀಚಿನಲ್ಲಿ ಓಡಿಸೋದಂತೂ ಬೇಡವೇ ಬೇಡ, ಉಪ್ಪು ನೀರು, ಸಣ್ಣ ಮರಳು ಎರಡೂ ಒಟ್ಟಿಗೆ. ಒದ್ದೆಯಾದ ಕಾರಿನ ಬ್ಯಾಟರಿ ತೆಗೆದು, ಚಕ್ರ ಬಿಚ್ಚಿ, ಬ್ರಷ್ಷಿನಲ್ಲಿ ಉಜ್ಜಿ ಒಣಗಿಸಿ. ಬೇರಿಂಗಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಸಾಕು. ಡಬ್ಲ್ಯೂಡಿ-40 ನೀರು ಓಡಿಸಲು ಸರಿ, ಅದೇ ಎಣ್ಣೆ ಅಂದುಕೊಂಡು ಬಿಟ್ಟರೆ ಒಳಗಿದ್ದ ಗ್ರೀಸನ್ನೂ ತೊಳೆದು ಹಾಕುತ್ತೆ. ಸಸ್ಪೆನ್ಷನ್ನಿನ ಪ್ಲಾಸ್ಟಿಕ್ ಕೀಲುಗಳಿಗೆ ಎಣ್ಣೆ ಬಿಡುವ ಚಟ ಇರುತ್ತೆ ಕೆಲವರಿಗೆ, ಧೂಳು ಅಂಟಿ ಅದು ಉಪ್ಪುಕಾಗದ ಆಗುತ್ತೆ. ಅಲ್ಲಿ ಒಣಗಿದ್ದರೇ ಒಳ್ಳೆಯದು.

ಸ್ಕ್ರೂ ವಿಷಯಕ್ಕೆ ಒಂದೆರಡು ಮಾತು. ನಮ್ಮನೆಯಲ್ಲಿ ಊಟ, ಜಗಳ ಎರಡೂ ಕನ್ನಡದಲ್ಲೇ ನಡೆಯೋದು, ಆದ್ರೆ ಟೂಲ್‌ಬಾಕ್ಸ್ ಮಾತ್ರ ಮುಂಬಯಿಯ ಹಿಂದಿಯದ್ದು. ಸ್ಪ್ಯಾನರ್ ಅಂದ್ರೆ ಪಾನಾ, ಸ್ಕ್ರೂಡ್ರೈವರ್ ಅಂದ್ರೆ ಪೇಚ್‌ಕಸ್. ತಿರುಪುಳಿ ಅನ್ನೋ ಚೆಂದದ ಪದ ಊರಲ್ಲೇ ಉಳೀತು. ಇರಲಿ. ಜಪಾನಿ ಕಾರಿನ ಸ್ಕ್ರೂಗಳ ತಲೆ ನಮ್ಮ ಮಾಮೂಲಿ ಫಿಲಿಪ್ಸ್ ಥರ ಕಂಡರೂ ಅದು ಜೆಐಎಸ್ ಅನ್ನೋ ಜಪಾನಿ ಅಳತೆಯದ್ದು. ಸಾದಾ ಪೇಚ್‌ಕಸ್ ಪೂರ್ತಿ ಕೂರದೆ ಜಾರಿ ತಲೆ ಬೋಳಾಗುತ್ತೆ. ಒಂದು ಒಳ್ಳೆಯ ಜೆಐಎಸ್ ತಿರುಪುಳಿ ಕೊಂಡುಬಿಡಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, 'ಟಿಕ್' ಅಂತ ಹಳೆಯ ಮರೆಗೆ ಬಿದ್ದ ಮೇಲೆ ಬಿಗಿ ಮಾಡಿ. ಹೀಗೆ ಮಾಡಿದರೆ ಒಂದೇ ತೂತು ಎಷ್ಟೋ ಸಲ ಬಿಚ್ಚಿ ಹಾಕಿದರೂ ಬಾಳುತ್ತೆ. ಲೋಹಕ್ಕೆ ಲೋಹ ಸೇರುವ ಕಡೆ ಥ್ರೆಡ್‌ಲಾಕ್ ಅಂಟು, ನೀಲಿ ಬಣ್ಣದ್ದು, ಒಂದು ಹನಿ. ಪ್ಲಾಸ್ಟಿಕ್ಕಿಗೆ ಬೇಡ, ಬಿರುಕು ಬಿಡುತ್ತೆ.

ಇನ್ನು ಆ ಅಲ್ಯೂಮಿನಿಯಂ ಮೋಹ. ನೀಲಿ, ಕೆಂಪು ಬಣ್ಣದ ಸಸ್ಪೆನ್ಷನ್ ಆರ್ಮುಗಳು ನೋಡಲು ಚೆಂದ, ನಿಜ. ಆದ್ರೆ ಪ್ಲಾಸ್ಟಿಕ್ ಆರ್ಮು ಬಡಿದಾಗ ಬಾಗಿ ವಾಪಸ್ ಬರುತ್ತೆ, ತೀರಾ ಜೋರಾದರೆ ತಾನು ಮುರಿದು ಉಳಿದದ್ದನ್ನು ಉಳಿಸುತ್ತೆ. ಲೋಹದ ಆರ್ಮು ಬಾಗಿದರೆ ಹಾಗೇ ನಿಲ್ಲುತ್ತೆ, ಇಲ್ಲಾ ಪೆಟ್ಟನ್ನು ಪೂರ್ತಿ ಚಾಸಿಗೆ ದಾಟಿಸುತ್ತೆ. ಅಗ್ಗದ ಭಾಗ ಉಳಿಸಲು ದುಬಾರಿ ಭಾಗ ಬಲಿ ಕೊಟ್ಟಂತೆ. ಲೋಹ ಎಲ್ಲಿ ಬೇಕೋ ಅಲ್ಲಿ ಹಾಕಿ. ಮೋಟಾರ್ ಹಿಡಿಯುವ ಮೌಂಟು ಲೋಹದ್ದಾದರೆ ಬಿಸಿಯನ್ನು ಹೀರಿ ಹೊರಗೆ ಬಿಡುತ್ತೆ, ಗೇರುಗಳ ಅಂತರವೂ ಕದಲಲ್ಲ. ಬುಶ್ಶಿನಿಂದ ಬೇರಿಂಗಿಗೆ ಬರದೆ ಬಣ್ಣದ ಆರ್ಮು ಹಾಕೋದು ಅಂದ್ರೆ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಅದರ ಬದಲು ಎಣ್ಣೆ ತುಂಬಿದ ಶಾಕ್‌ಅಬ್ಸಾರ್ಬರಿಗೆ ದುಡ್ಡು ಹಾಕಿ, ಕಾರು ನೆಲ ಬಿಟ್ಟು ಕುಪ್ಪಳಿಸೋದು ನಿಲ್ಲುತ್ತೆ. ತುಂಬಿದ ಮೇಲೆ ಪಿಸ್ಟನ್ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಗಾಳಿಗುಳ್ಳೆ ಎಲ್ಲ ಹೊರಬರುವವರೆಗೆ ಕಾಯಬೇಕು. ಟೀ ಕುಡಿದು ಬನ್ನಿ.

ಯಾವ ಕಾರು ಕೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳೋದು, ಮೊದಲು ಅದರ ಸ್ಪೇರ್ ಪಾರ್ಟ್ಸ್ ನೋಡಿ, ಆಮೇಲೆ ಕಾರು ನೋಡಿ. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70. ಜನವರಿ 1, 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತೂ ಕಡ್ಡಾಯವಾಯ್ತು. ದೇಶದಲ್ಲೇ ಆಟಿಕೆ ತಯಾರಾಗಲಿ ಅನ್ನೋದು ಒಳ್ಳೆಯ ಉದ್ದೇಶವೇ, ನಮ್ಮ ಚನ್ನಪಟ್ಟಣದವರಿಗೆ ಲಾಭವಾದ್ರೆ ಸಂತೋಷ. ಆದ್ರೆ ಚನ್ನಪಟ್ಟಣದಲ್ಲಿ ಡಿಫರೆನ್ಷಿಯಲ್ ಗೇರು ಕಡೆಯಲ್ವಲ್ಲ! ಹೊರಗಿಂದ ಬರುವ ಪುಟ್ಟ ಪೊಟ್ಟಣಕ್ಕೂ ಸುಂಕ, ಕೊರಿಯರ್, ಕಾಯುವಿಕೆ. ಹಾಗಾಗಿ ಕಾರಿನ ಜೊತೆಗೇ ಎರಡು ಸ್ಪರ್ ಗೇರು, ಒಂದು ಜೊತೆ ಮುಂದಿನ ಆರ್ಮು, ಬಾಡಿ ಕ್ಲಿಪ್ಪುಗಳ ಒಂದು ಪೊಟ್ಟಣ ತರಿಸಿಬಿಡಿ. ಕಾರಿಗಿಂತ ಇದೇ ಮುಖ್ಯ.

ನನ್ನ ಮಾತಿಗೆ ಒಂದು ಆಕ್ಷೇಪ ಇದೆ, ಅದರಲ್ಲಿ ಅರ್ಥವೂ ಇದೆ. "ನಿಧಾನ ಹೋಗುವ ಕಾರಿನಲ್ಲಿ ಮಜಾ ಎಲ್ಲಿ? ಮಗು ಎರಡು ದಿನದಲ್ಲಿ ಬಿಟ್ಟು ಫೋನು ಹಿಡಿಯುತ್ತೆ." ಹೌದು, ಸ್ಪೀಡು ಬೇಕು. ಆದ್ರೆ ನಾನು ನೋಡಿದ ಹಾಗೆ ಮಕ್ಕಳು ಕಾರು ಬಿಡೋದು ನಿಧಾನ ಅಂತ ಅಲ್ಲ, ನಿಂತುಹೋಯ್ತು ಅಂತ. ನಿಂತದ್ದನ್ನು ಬಿಚ್ಚೋಕೆ ದೊಡ್ಡವರು ಬಿಡಲ್ಲ. ಬಜಾಜ್ ಚೇತಕ್ಕನ್ನು ವಾಲಿಸಿ ಕಿಕ್ ಹೊಡೆದು, ಪ್ಲಗ್ಗು ತೆಗೆದು ಕಾಗದದಲ್ಲಿ ಉಜ್ಜಿ ಆಫೀಸಿಗೆ ಹೋದವರು ನಾವು. ನಮ್ಮ ಮಕ್ಕಳ ಇಂಜಿನಿಯರಿಂಗ್ ಕೋಚಿಂಗಿಗೆ ಲಕ್ಷಗಟ್ಟಲೆ ಕಟ್ತೀವಿ, ಆದ್ರೆ ಮಗ ಹಾಲಿನಲ್ಲಿ ಪೇಪರ್ ಹಾಸಿ ನಾಲ್ಕು ಸ್ಕ್ರೂ ಬಿಚ್ಚಿದರೆ "ಇದ್ದದ್ದೂ ಹಾಳು ಮಾಡ್ತಾನೆ" ಅಂತ ಬೈತೀವಿ. ಈ ಊರಿನ ಫ್ಲಾಟುಗಳಲ್ಲಿ ಮಗುವಿಗೆ ಬಿಚ್ಚಿ ನೋಡೋಕೆ ಇನ್ನೇನಿದೆ? ಟಿವಿ ಗೋಡೆಗೆ ಅಂಟಿದೆ, ಫೋನು ಅಂಟು ಹಾಕಿ ಮುಚ್ಚಿದ್ದು, ಫ್ರಿಜ್ಜಿಗೆ ಕಂಪನಿಯವನೇ ಬರಬೇಕು. ಮನೆಯಲ್ಲಿ ಬಿಚ್ಚಿ ಜೋಡಿಸಲೆಂದೇ ಮಾಡಿದ ಯಂತ್ರ ಈ ಕಾರು ಒಂದೇ ಇರಬಹುದು. ಅದನ್ನೂ ಅಂಗಡಿಯವನ ಕೈಲಿ ಕೊಟ್ಟು "ಫಾಸ್ಟ್ ಮಾಡಿಕೊಡಿ" ಅಂದ್ರೆ ಹೇಗೆ?

ಇಷ್ಟಾದ ಮೇಲೂ ಬ್ರಷ್‌ಲೆಸ್ ಹಾಕಲೇಬೇಕು ಅನ್ನುವವರು ಹಾಕಿ, ನಾನೂ ಹಾಕಿದ್ದೀನಿ :-) ಕಿಟ್ಟಿನ ಮೋಟಾರಿನಲ್ಲಿ ಕಾರು ಎರಡು ಮೂರು ತಿಂಗಳು ಏನೂ ಮುರಿಯದೆ ಓಡಲಿ, ಬೇರಿಂಗು ಬಂದಿರಲಿ, ಬ್ಯಾಲೆನ್ಸ್ ಚಾರ್ಜರು ಮನೆಯಲ್ಲಿರಲಿ. ಹೊಸ ಮೋಟಾರಿಗೆ ಪಿನಿಯನ್ ಎರಡು ಮೂರು ಹಲ್ಲು ಚಿಕ್ಕದರಿಂದ ಶುರು ಮಾಡಿ. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಮೋಟಾರಿನ ಬಿಸಿ ನೋಡಿ, ಮತ್ತೆ ಎರಡು ನಿಮಿಷ. ಕೋವಿಡ್ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಗನ್ನು ಇದಕ್ಕೆ ನಂಬಬೇಡಿ, ಅದು ಮನುಷ್ಯರ ಜ್ವರದ ಅಳತೆಗೆ ಮಾಡಿದ್ದು. ಎಲೆಕ್ಟ್ರಿಷಿಯನ್ನರು ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು, ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿ. 80 ಡಿಗ್ರಿ ಮುಟ್ಟುತ್ತಿದ್ದರೆ ಇನ್ನೊಂದು ಹಲ್ಲು ಇಳಿಸಿ, 60ರ ಆಸುಪಾಸಿನಲ್ಲೇ ನಿಂತರೆ ಒಂದು ಹಲ್ಲು ಏರಿಸಿ ನೋಡಬಹುದು. ಥರ್ಮಾಮೀಟರ್ ಇಲ್ಲದವರು ಬೆರಳು ಇಟ್ಟು ನೋಡಿ, ಐದು ಎಣಿಸುವ ಮೊದಲೇ ಕೈ ಎಳೆದುಕೊಂಡರೆ ಆವತ್ತಿನ ಓಟ ಅಲ್ಲಿಗೇ ಸಾಕು.